ಹೋಟೆಲ್ ಪಾಲುದಾರರಿಗೆ ಟರ್ಮ್ ಪಾಲಿಸಿ: ಯಾವುದು, ಎಷ್ಟು, ಯಾರ ಹೆಸರಿಗೆ?

ಪ್ರಶ್ನೆ: ನಾವು ಡೊಂಬಿವಲಿ ಪೂರ್ವದಲ್ಲಿದ್ದೇವೆ. ನನಗೆ 34 ವರ್ಷ, ಯಜಮಾನರಿಗೆ 38. ಅವರು ಥಾಣೆಯ ಒಂದು ಸಣ್ಣ ಹೋಟೆಲಿನಲ್ಲಿ ಪಾಲುದಾರರು. ನಾನು ಮನೆಯಲ್ಲೇ ಟ್ಯೂಷನ್ ಮಾಡುತ್ತೇನೆ, ತಿಂಗಳಿಗೆ 12,000 ಸಿಗುತ್ತದೆ. ಮಕ್ಕಳಿಗೆ 9 ಮತ್ತು 5 ವರ್ಷ. ಮನೆ ಸಾಲ ಇನ್ನೂ 32 ಲಕ್ಷ ಇದೆ, 14 ವರ್ಷ ಕಟ್ಟಬೇಕು. ಹೋಟೆಲಿಗೆ ತೆಗೆದ ಸಾಲದಲ್ಲಿ 10 ಲಕ್ಷ ಬಾಕಿ, ಅದಕ್ಕೆ ಇವರದೂ ಸಹಿ ಇದೆ. ಲೋನ್ ಕಂತು ಬಿಟ್ಟು ಮನೆ ಖರ್ಚು 48,000. ಕುಂದಾಪುರದಲ್ಲಿರುವ ಅತ್ತೆಗೆ ತಿಂಗಳಿಗೆ 10,000 ಕಳಿಸುತ್ತೇವೆ. ಎಫ್‌ಡಿಯಲ್ಲಿ 6 ಲಕ್ಷ ಇದೆ. 5 ಲಕ್ಷದ ಒಂದು ಹಳೆಯ ಎಲ್‌ಐಸಿ ಪಾಲಿಸಿ ಇದೆ, 20 ವರ್ಷದ್ದು, 12 ವರ್ಷ ಕಟ್ಟಿ ಆಗಿದೆ. ಮಾವ 56ಕ್ಕೆ ಹೃದಯಾಘಾತದಿಂದ ಹೋದರು. ಇವರಿಗೆ 2 ವರ್ಷದಿಂದ ಬಿಪಿ ಮಾತ್ರೆ ಇದೆ. ಊಟದ ಮೇಲೆ ತಂಬಾಕು ಹಾಕಿದ ಎಲೆಅಡಿಕೆ ಬಿಡುವುದಿಲ್ಲ. ಐಟಿ ರಿಟರ್ನ್‌ನಲ್ಲಿ ವರ್ಷದ ಆದಾಯ ಆರೂವರೆ ಲಕ್ಷ. ಊರಿನ ಕಡೆಯ ಏಜೆಂಟರು ಎರಡು ಕೊಟೇಶನ್ ತಂದಿದ್ದಾರೆ. ಎರಡೂ 1 ಕೋಟಿಗೆ, 65 ವರ್ಷದವರೆಗೆ. ಒಂದಕ್ಕೆ ವರ್ಷಕ್ಕೆ 18,000. ಇನ್ನೊಂದಕ್ಕೆ 36,000, ಆದರೆ ಬದುಕಿದ್ದರೆ ಕಟ್ಟಿದ್ದೆಲ್ಲ ವಾಪಸ್. ‘ಎಲೆಅಡಿಕೆ ವಿಷಯ ಬರೆಯೋದು ಬೇಡ, ಸುಮ್ನೆ ರೇಟ್ ಜಾಸ್ತಿ ಆಗುತ್ತೆ’ ಎಂದಿದ್ದಾರೆ. ಯಾವುದು ತೆಗೆದುಕೊಳ್ಳಲಿ? ಯಾವ ಕಂಪನಿ ಒಳ್ಳೆಯದು?

ಉತ್ತರ: ಈ ಪ್ರಶ್ನೆಯನ್ನು ನೀವು ಕೇಳಿದ್ದು ನನಗೆ ತುಂಬ ಸಂತೋಷ. ಟರ್ಮ್ ಪಾಲಿಸಿ, ಅಂದರೆ ಗೊತ್ತು ಮಾಡಿದ ವರ್ಷಗಳೊಳಗೆ ಜೀವ ಹೋದರೆ ಮಾತ್ರ ಹಣ ಬರುವ ವಿಮೆ, ನಿಮ್ಮ ಯಜಮಾನರ ಜೀವದ ಮೇಲೆ ಇರುತ್ತದೆ. ಆದರೆ ಅದನ್ನು ಹಿಡಿದುಕೊಂಡು ಒಂದು ದಿನ ಕಂಪನಿಯ ಬಾಗಿಲಿಗೆ ಹೋಗಬೇಕಾದವರು ನೀವು. ಹಾಗಾಗಿ ಆರಿಸಬೇಕಾದದ್ದೂ ಆ ದಿನವನ್ನು ಕಣ್ಣ ಮುಂದೆ ಇಟ್ಟುಕೊಂಡೇ. ಆ ದಿನ ನಿಮ್ಮ ಕೈಗೆ ಎಷ್ಟು ಬರುತ್ತದೆ, ತಕರಾರಿಲ್ಲದೆ ಬರುತ್ತದಾ, ಬಂದದ್ದು ನಿಮ್ಮ ಹತ್ತಿರವೇ ಉಳಿಯುತ್ತದಾ? ಈ ಮೂರು ನೋಡಿದ ಮೇಲೆ ಕಂಪನಿ. ಪ್ರೀಮಿಯಂ ಎಲ್ಲಕ್ಕಿಂತ ಕೊನೆಗೆ.

ನೇರ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹಣ ವಾಪಸ್ ಬರುವ ಪಾಲಿಸಿ ಬೇಡ, ಸಾದಾ ಟರ್ಮ್ ಪಾಲಿಸಿ ಸಾಕು. 1 ಕೋಟಿ ಕಡಿಮೆ ಆಯಿತು. ತಂಬಾಕು, ಬಿಪಿ, ಮಾವನವರ ವಿಷಯ ಎಲ್ಲವನ್ನೂ ಬರೆಯಿರಿ. ಪಾಲಿಸಿಯನ್ನು ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯ ಅಡಿಯಲ್ಲಿ ನಿಮ್ಮ ಮತ್ತು ಮಕ್ಕಳ ಹೆಸರಿಗೆ ಮಾಡಿಸಿ. ಯಾಕೆ ಎಂದು ಈಗ ಒಂದೊಂದಾಗಿ ಹೇಳುತ್ತೇನೆ.

ಮೊದಲು ಎಷ್ಟು ಬೇಕು ಎನ್ನುವುದು. ಮನೆ ಖರ್ಚು 48,000 ಅಂದಿರಿ. ಅದರಲ್ಲಿ ಅವರದೇ ಖರ್ಚು 8,000 ಎಂದು ಬಿಟ್ಟರೆ ನಿಮಗೆ ಮತ್ತು ಮಕ್ಕಳಿಗೆ ತಿಂಗಳಿಗೆ 40,000 ಬೇಕು, ವರ್ಷಕ್ಕೆ 4.8 ಲಕ್ಷ. ಚಿಕ್ಕ ಮಗುವಿಗೆ 25 ಆಗುವವರೆಗೆ ಅಂದರೆ 20 ವರ್ಷ. ಬಂದ ಹಣವನ್ನು ಬ್ಯಾಂಕಿನಲ್ಲಿ ಇಟ್ಟರೆ ಸಿಗುವ ಬಡ್ಡಿ, ಬೆಲೆ ಏರಿಕೆಗೇ ಸರಿಹೋಗುತ್ತದೆ ಎಂದು ಇಟ್ಟುಕೊಳ್ಳೋಣ. ಆಗ ಲೆಕ್ಕ ಸುಲಭ: 96 ಲಕ್ಷ. ಎರಡೂ ಸಾಲ ಸೇರಿ 42 ಲಕ್ಷ. ಇಬ್ಬರು ಮಕ್ಕಳ ಮೇಲಿನ ಓದಿಗೆ ತಲಾ 15 ಲಕ್ಷದಂತೆ 30 ಲಕ್ಷ. ಅತ್ತೆಗೆ 12 ವರ್ಷದ ಹಣ ಸುಮಾರು 14 ಲಕ್ಷ. ಒಟ್ಟು 1 ಕೋಟಿ 82 ಲಕ್ಷ.

ಇದರಲ್ಲಿ ಕಳೆಯುವುದೇನು? ಎಲ್‌ಐಸಿಯ 5 ಲಕ್ಷ, ಎಫ್‌ಡಿಯ 6 ಲಕ್ಷ. ನಿಮ್ಮ ಟ್ಯೂಷನ್ ಹಣ 20 ವರ್ಷಕ್ಕೆ 28 ಲಕ್ಷ ದಾಟುತ್ತದೆ, ಆದರೆ ನಾನು ಅರ್ಧವನ್ನೇ ಹಿಡಿಯುತ್ತೇನೆ, 14 ಲಕ್ಷ. ಮನೆಯಲ್ಲಿ ಅಂಥದ್ದು ನಡೆದಾಗ ಮೊದಲ ಒಂದೆರಡು ವರ್ಷ ಟ್ಯೂಷನ್ ನಡೆಸುವುದೇ ಕಷ್ಟ. ಉಳಿದದ್ದು 1 ಕೋಟಿ 57 ಲಕ್ಷ. ಅಂದರೆ ಒಂದೂವರೆ ಕೋಟಿಯ ಆಸುಪಾಸು.

ಹೋಟೆಲಿನ ಪಾಲನ್ನು ನಾನು ಬೇಕೆಂದೇ ಲೆಕ್ಕಕ್ಕೆ ಹಿಡಿದಿಲ್ಲ. ಪಾಲುದಾರರು ಎಷ್ಟೇ ಒಳ್ಳೆಯವರಾದರೂ, ಒಬ್ಬರು ತೀರಿಕೊಂಡಾಗ ಲೆಕ್ಕ ಚುಕ್ತಾ ಆಗಲು ಸಮಯ ಹಿಡಿಯುತ್ತದೆ. ಜಾಗ ಬಾಡಿಗೆಯದ್ದು, ಡಿಪಾಸಿಟ್ ಮಾಲೀಕರ ಹತ್ತಿರ, ಸಾಮಾನಿಗೆ ಹಳೆಯ ಬೆಲೆ ಸಿಗುವುದಿಲ್ಲ. ಬಂದರೆ ಬರಲಿ, ಅದನ್ನು ನಂಬಿ ಮಕ್ಕಳ ಓದಿನ ಲೆಕ್ಕ ಹಾಕಬೇಡಿ. ಪಾಲುದಾರಿಕೆ ಪತ್ರದಲ್ಲಿ ಒಬ್ಬರು ಇಲ್ಲವಾದರೆ ಅವರ ಮನೆಯವರಿಗೆ ಏನು, ಯಾವಾಗ, ಹೇಗೆ ಕೊಡಬೇಕು ಎಂದು ಬರೆದಿದೆಯಾ? ಒಮ್ಮೆ ತೆರೆದು ನೋಡಿ.

ಈಗ ಒಂದು ತೊಡಕು. ಒಂದೂವರೆ ಕೋಟಿ ಬೇಕು ಎಂದ ಕೂಡಲೇ ಕಂಪನಿ ಕೊಡುವುದಿಲ್ಲ. ಆದಾಯ ನೋಡಿ ಕೊಡುತ್ತದೆ. ನಲವತ್ತರ ಒಳಗಿನವರಿಗೆ ವರ್ಷದ ಆದಾಯದ 15ರಿಂದ 20 ಪಟ್ಟು ಎನ್ನುವುದು ಸಾಮಾನ್ಯವಾಗಿ ಕಾಣುವ ಲೆಕ್ಕ, ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಆರೂವರೆ ಲಕ್ಷಕ್ಕೆ ಅದು 97 ಲಕ್ಷದಿಂದ 1 ಕೋಟಿ 30 ಲಕ್ಷ. ಈಗಾಗಲೇ ಇರುವ ಪಾಲಿಸಿಯನ್ನೂ ಅದರೊಳಗೆ ಹಿಡಿಯುತ್ತಾರೆ. ನಲವತ್ತು ದಾಟಿದ ಮೇಲೆ ಈ ಪಟ್ಟು ಇನ್ನೂ ಇಳಿಯುತ್ತದೆ. ಹಾಗಾಗಿ ಈ ಕೆಲಸವನ್ನು ಎರಡು ವರ್ಷ ಮುಂದೂಡುವುದು ಬೇಡ.

ಹೋಟೆಲ್ ನಡೆಸುವವರ ಮನೆಗಳಲ್ಲಿ ಇದೇ ದೊಡ್ಡ ಸಮಸ್ಯೆ. ನಿಜವಾಗಿ ಕೈಗೆ ಬರುವುದು ಒಂದು, ರಿಟರ್ನ್‌ನಲ್ಲಿ ಕಾಣುವುದು ಇನ್ನೊಂದು. ತೆರಿಗೆ ಉಳಿಸಿದೆವು ಎಂದುಕೊಂಡದ್ದು ವಿಮೆ ಕೇಳುವಾಗ ಎದುರಿಗೆ ಬಂದು ನಿಲ್ಲುತ್ತದೆ. ಆದರೆ ನಿಮ್ಮ ವಿಷಯದಲ್ಲಿ ಒಂದು ದಾರಿ ಇದೆ. ಪಾಲುದಾರಿಕೆ ಸಂಸ್ಥೆಯಲ್ಲಿ ಪಾಲುದಾರರಿಗೆ ಎರಡು ಥರ ಹಣ ಬರುತ್ತದೆ. ಸಂಬಳ ಮತ್ತು ಬಡ್ಡಿ ಒಂದು ಕಡೆ, ಅದಕ್ಕೆ ಅವರ ಕೈಯಲ್ಲಿ ತೆರಿಗೆ. ಲಾಭದ ಪಾಲು ಇನ್ನೊಂದು ಕಡೆ, ಅದಕ್ಕೆ ಸಂಸ್ಥೆಯೇ ತೆರಿಗೆ ಕಟ್ಟಿರುತ್ತದೆ, ಪಾಲುದಾರರಿಗೆ ಮತ್ತೆ ಇಲ್ಲ. ರಿಟರ್ನ್‌ನಲ್ಲಿ ಲಾಭದ ಪಾಲು ತೆರಿಗೆ ಇಲ್ಲದ ಆದಾಯದ ಸಾಲಿನಲ್ಲಿ ಕಾಣುತ್ತದೆ. ಏಜೆಂಟರು ಅನೇಕ ಸಲ ಮೊದಲ ಸಾಲನ್ನಷ್ಟೇ ನೋಡಿ ಆದಾಯ ಬರೆದುಬಿಡುತ್ತಾರೆ. ನಿಮ್ಮ ಆರೂವರೆ ಲಕ್ಷದಲ್ಲಿ ಲಾಭದ ಪಾಲು ಸೇರಿದೆಯಾ ಎಂದು ಸಿಎ ಅವರನ್ನು ಕೇಳಿ. ಸೇರಿಲ್ಲದಿದ್ದರೆ ಮೂರು ವರ್ಷದ ರಿಟರ್ನ್, ಆದಾಯದ ಲೆಕ್ಕಪತ್ರ, ಸಂಸ್ಥೆಯ ಲಾಭ-ನಷ್ಟ ಪಟ್ಟಿ ಎಲ್ಲವನ್ನೂ ಅರ್ಜಿಯ ಜೊತೆ ಕೊಟ್ಟು, ಇದನ್ನೂ ಪರಿಗಣಿಸಿ ಎಂದು ಕೇಳಿ. ಒಪ್ಪಿದರೆ ಒಂದೂವರೆ ಕೋಟಿಯೇ ತೆಗೆದುಕೊಳ್ಳಿ. ಒಪ್ಪದಿದ್ದರೆ ಸಿಕ್ಕಷ್ಟನ್ನು, 1 ಕೋಟಿಯಾಗಲಿ 1 ಕೋಟಿ 25 ಲಕ್ಷವಾಗಲಿ, ಈಗಲೇ ತೆಗೆದುಕೊಳ್ಳಿ. ಮುಂದೆ ರಿಟರ್ನ್ ಏರಿದ ಹಾಗೆ ಇನ್ನೊಂದು ಸೇರಿಸಬಹುದು.

ಇನ್ನು ತಂಬಾಕಿನ ಮಾತು. ಇಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಬರೆಯಬೇಡಿ ಎಂದ ಏಜೆಂಟರ ಮಾತು ಕೇಳಬೇಡಿ. ಅವರಿಗೆ ಕೆಟ್ಟ ಮನಸ್ಸಿದೆ ಎಂದಲ್ಲ. ಆದರೆ ಕ್ಲೇಮಿನ ದಿನ ಉತ್ತರ ಕೊಡಬೇಕಾದವರು ಅವರಲ್ಲ, ನೀವು. ಸಿಗರೇಟು ಮಾತ್ರ ತಂಬಾಕು ಎಂದು ತುಂಬ ಜನ ತಿಳಿದಿದ್ದಾರೆ. ಅರ್ಜಿಯಲ್ಲಿ ಕೇಳುವುದು ಯಾವುದೇ ರೂಪದ ತಂಬಾಕನ್ನು. ಜರ್ದಾ, ಗುಟ್ಕಾ, ಎಲೆಗೆ ಹಾಕುವ ಹೊಗೆಸೊಪ್ಪು ಎಲ್ಲವೂ ಸೇರುತ್ತದೆ. ವೈದ್ಯಕೀಯ ಪರೀಕ್ಷೆಯಲ್ಲಿ ಮೂತ್ರದಲ್ಲಿ ಕೊಟಿನಿನ್ ಎಂಬ ಅಂಶ ನೋಡುತ್ತಾರೆ. ನಿಕೊಟಿನ್ ಮೈಯೊಳಗೆ ಹೋದರೆ ಅದು ಕಾಣುತ್ತದೆ, ಸೇದಿದ್ದಾ ಜಗಿದಿದ್ದಾ ಎಂದು ಅದು ನೋಡುವುದಿಲ್ಲ.

ಪರೀಕ್ಷೆಯಲ್ಲಿ ತಪ್ಪಿಸಿಕೊಂಡರೂ ವಿಷಯ ಹೊರಬರುವ ಜಾಗ ಇನ್ನೊಂದಿದೆ. ನಾಳೆ ಎದೆನೋವು ಎಂದು ಆಸ್ಪತ್ರೆಗೆ ಓಡಿದಾಗ ಡ್ಯೂಟಿ ಡಾಕ್ಟರ್ ನಿಮ್ಮನ್ನೇ ಕೇಳುತ್ತಾರೆ: ಬಿಪಿ ಇದೆಯಾ, ಎಷ್ಟು ವರ್ಷದಿಂದ, ತಂಬಾಕು ಇದೆಯಾ? ಜೀವ ಉಳಿಯಲಿ ಎಂದು ನೀವು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೀರಿ. ಹೇಳಲೇಬೇಕು. ಅದು ಕೇಸ್ ಪೇಪರ್‌ನಲ್ಲಿ ದಾಖಲಾಗುತ್ತದೆ. ಕ್ಲೇಮ್ ಬೇಗ ಬಂದರೆ ಕಂಪನಿಯ ತನಿಖೆಯವರು ಮೊದಲು ತರಿಸುವುದೇ ಆ ಕಾಗದ. ‘2 ವರ್ಷದಿಂದ ಬಿಪಿ, ತಂಬಾಕು ಜಗಿಯುತ್ತಾರೆ’ ಎಂಬ ಒಂದು ಸಾಲು ಸಾಕು, ಅರ್ಜಿಯ ‘ಇಲ್ಲ’ವನ್ನು ಸುಳ್ಳು ಮಾಡಲು.

ಕಾನೂನು ಏನು ಹೇಳುತ್ತದೆ ಎಂದೂ ತಿಳಿದಿರಲಿ. 1938ರ ವಿಮಾ ಕಾಯ್ದೆಯ 45ನೇ ಕಲಮನ್ನು 2015ರಲ್ಲಿ ತಿದ್ದಿದ್ದಾರೆ. ಪಾಲಿಸಿ ಶುರುವಾಗಿ 3 ವರ್ಷ ಆದ ಮೇಲೆ ಕಂಪನಿ ಯಾವ ಕಾರಣಕ್ಕೂ ಅದನ್ನು ಪ್ರಶ್ನಿಸುವಂತಿಲ್ಲ. 3 ವರ್ಷದ ಒಳಗೆ ಪ್ರಶ್ನಿಸಬಹುದು. ಮಾಹಿತಿ ಮುಚ್ಚಿಟ್ಟರು ಎಂದು ತಿರಸ್ಕರಿಸಿದರೆ ಕಟ್ಟಿದ ಪ್ರೀಮಿಯಂ ವಾಪಸ್ ಕೊಡುತ್ತಾರೆ, ಮೋಸ ಎಂದು ಸಾಬೀತಾದರೆ ಅದೂ ಇಲ್ಲ. ‘ಮೂರು ವರ್ಷ ಹೇಗಾದರೂ ಕಳೆದರೆ ಆಯಿತು’ ಎನ್ನುವವರು ಸಿಗುತ್ತಾರೆ. ಆ ಮೂರು ವರ್ಷದಲ್ಲೇ ಏನಾದರೂ ಆದರೆ? ಎರಡು ಮಕ್ಕಳಿರುವ ಮನೆಯಲ್ಲಿ ಹಾಗೆ ಪಂದ್ಯ ಕಟ್ಟಲು ಆಗುತ್ತದಾ? ಇನ್ನೊಂದು ವಿಷಯ ಹೆಚ್ಚು ಜನರಿಗೆ ಗೊತ್ತಿಲ್ಲ. ಕಂತು ತಪ್ಪಿ ಪಾಲಿಸಿ ನಿಂತುಹೋಗಿ, ಮತ್ತೆ ಚಾಲೂ ಮಾಡಿಸಿದರೆ, ಆ ದಿನದಿಂದ 3 ವರ್ಷದ ಲೆಕ್ಕ ಹೊಸದಾಗಿ ಶುರು.

ಸತ್ಯ ಬರೆದರೆ ಪ್ರೀಮಿಯಂ ಏರುತ್ತದೆ, ನಿಜ. ಏಜೆಂಟರ 18,000 ತಂಬಾಕು ಇಲ್ಲದವರ ರೇಟು ಇರಬೇಕು. ತಂಬಾಕು ಎಂದರೆ ಸುಮಾರು ಒಂದೂವರೆ ಪಟ್ಟು, ಕೆಲವೊಮ್ಮೆ ಇನ್ನೂ ಜಾಸ್ತಿ. 27ರಿಂದ 30 ಸಾವಿರ ಎಂದು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಬಿಪಿಗೆ ಇನ್ನೊಂದಿಷ್ಟು ಸೇರಿಸಬಹುದು, ಹಿಡಿತದಲ್ಲಿದ್ದರೆ ಸೇರಿಸದೆಯೂ ಇರಬಹುದು. ಅಷ್ಟು ಕಟ್ಟಲು ಕಷ್ಟ ಎನಿಸಿದರೆ ಮೊತ್ತ ಇಳಿಸಬೇಡಿ, ವರ್ಷ ಇಳಿಸಿ. 65ರ ಬದಲು 60ಕ್ಕೆ ನಿಲ್ಲಿಸಿ. ಆಗ ಚಿಕ್ಕ ಮಗುವಿಗೆ 27 ಆಗಿರುತ್ತದೆ, ಮನೆ ಸಾಲ ಯಾವಾಗಲೋ ಮುಗಿದಿರುತ್ತದೆ. ಹೋಟೆಲಿನವರು ಅರವತ್ತಕ್ಕೆ ಗಲ್ಲಾ ಬಿಟ್ಟು ಏಳುವವರಲ್ಲ ಎಂದು ಗೊತ್ತು, ಹಾಗಾಗಿ ಕೈಗೆಟುಕಿದರೆ 65 ಇರಲಿ. 85, 99 ವರ್ಷದವರೆಗಿನ ಪಾಲಿಸಿ ತೋರಿಸಿದರೆ ನೋಡುವುದೇ ಬೇಡ. ಆ ವಯಸ್ಸಿನಲ್ಲಿ ಅವರ ದುಡಿಮೆ ನಂಬಿಕೊಂಡು ಯಾರೂ ಇರುವುದಿಲ್ಲ. ಅವರು ತಂಬಾಕು ಬಿಟ್ಟು ಒಂದು ವರ್ಷ ದಾಟಿದರೆ, ಆಗ ತಂಬಾಕು ಇಲ್ಲದವರ ರೇಟಿಗೆ ಹೊಸ ಅರ್ಜಿ ಹಾಕಿ ನೋಡಬಹುದು. ಬಿಡಿಸಲು ಇದೂ ಒಂದು ಕಾರಣವಾಗಲಿ. ಬಾಯಿ ಕ್ಯಾನ್ಸರಿನ ವಾರ್ಡು ಒಮ್ಮೆ ನೋಡಿದವರಿಗೆ ಪ್ರೀಮಿಯಂ ಲೆಕ್ಕ ಹೇಳುವ ಅಗತ್ಯ ಬೀಳುವುದಿಲ್ಲ.

ಅರ್ಜಿಯನ್ನು ನೀವಿಬ್ಬರೂ ಕೂತು ತುಂಬಿಸಿ. ಖಾಲಿ ಅರ್ಜಿಗೆ ಸಹಿ ಹಾಕಿ ಕಳಿಸಬೇಡಿ. ಮೊಬೈಲಿನಲ್ಲಿ ಬಂದ ಓಟಿಪಿಯನ್ನು ಓದದೆ ಹೇಳುವುದೂ ಖಾಲಿ ಅರ್ಜಿಗೆ ಸಹಿ ಹಾಕಿದ್ದಕ್ಕೆ ಸಮ. ಮಾವನವರು 56ಕ್ಕೆ ಹೃದಯಾಘಾತದಿಂದ ಹೋದದ್ದು, ಮಾತ್ರೆಯ ಹೆಸರು, ಹಿಂದೆ ಯಾವುದಾದರೂ ಕಂಪನಿ ಪಾಲಿಸಿ ಕೊಡಲು ನಿರಾಕರಿಸಿದ್ದರೆ ಅದು, ಎಲ್ಲ ಬರೆಯಿರಿ. ಆ 5 ಲಕ್ಷದ ಎಲ್‌ಐಸಿ ಪಾಲಿಸಿಯನ್ನೂ ಬರೆಯಿರಿ. ‘ಬೇರೆ ಪಾಲಿಸಿ ಇದೆಯಾ’ ಎಂಬ ಜಾಗದಲ್ಲಿ ‘ಇಲ್ಲ’ ಎಂದು ಬಿಟ್ಟದ್ದೇ ಮುಂದೆ ತಕರಾರಿಗೆ ಕಾರಣವಾಗಬಹುದು. ಫೋನಿನಲ್ಲೇ ಪ್ರಶ್ನೆ ಕೇಳಿ ಮುಗಿಸುತ್ತೇವೆ ಎಂದರೂ ನೀವು ಪೂರ್ತಿ ವೈದ್ಯಕೀಯ ಪರೀಕ್ಷೆಯನ್ನೇ ಕೇಳಿ, ವರದಿಯ ಪ್ರತಿ ಇಟ್ಟುಕೊಳ್ಳಿ. ಎಲ್ಲ ನೋಡಿಯೇ ಕೊಟ್ಟಿದ್ದಾರೆ ಎಂಬುದಕ್ಕೆ ಅದು ಸಾಕ್ಷಿ.

ಹಣ ವಾಪಸ್ ಬರುವ ಪಾಲಿಸಿ ಯಾಕೆ ಬೇಡ ಎಂದು ಲೆಕ್ಕ ಹಾಕಿ ನೋಡೋಣ. ಎರಡರ ನಡುವಿನ ವ್ಯತ್ಯಾಸ ವರ್ಷಕ್ಕೆ 18,000. ಅವರು 65 ದಾಟಿದರೆ ವಾಪಸ್ ಬರುವುದು 36,000ದ 27 ಪಟ್ಟು, 9 ಲಕ್ಷ 72 ಸಾವಿರ. ಅದೇ ಹೆಚ್ಚಿನ 18,000ವನ್ನು ಪ್ರತಿ ವರ್ಷ ಸರ್ಕಾರದ ಉಳಿತಾಯ ಯೋಜನೆಯಾದ ಪಿಪಿಎಫ್‌ಗೆ ಹಾಕಿದರೆ, 2020ರಿಂದ ಇರುವ 7.1ರ ಬಡ್ಡಿಯೇ ಮುಂದುವರಿದರೆ, 27 ವರ್ಷಕ್ಕೆ ಸುಮಾರು ಹದಿನಾಲ್ಕೂವರೆ ಲಕ್ಷ. ವಾಪಸ್ ಬರುವ ಪಾಲಿಸಿಯಲ್ಲಿ ಆ ಹೆಚ್ಚಿನ ಹಣಕ್ಕೆ ಸಿಗುವ ಬಡ್ಡಿ ನೂರಕ್ಕೆ ಸುಮಾರು ನಾಲ್ಕೂವರೆ. ಇದು ಬದುಕಿದ್ದರೆ. ಹತ್ತನೇ ವರ್ಷದಲ್ಲಿ ಅವರಿಗೆ ಏನಾದರೂ ಆದರೆ? ಎರಡೂ ಪಾಲಿಸಿಯಲ್ಲಿ ನಿಮಗೆ ಬರುವುದು ಅದೇ 1 ಕೋಟಿ. ಹೆಚ್ಚಾಗಿ ಕಟ್ಟಿದ 1 ಲಕ್ಷ 80 ಸಾವಿರ ಹೋಯಿತು. ಪಿಪಿಎಫ್‌ನಲ್ಲಿದ್ದರೆ ಅದು ಎರಡೂವರೆ ಲಕ್ಷ ದಾಟಿ ನಿಮ್ಮ ಕೈಯಲ್ಲೇ ಇರುತ್ತಿತ್ತು. ‘ಏನೂ ಆಗದಿದ್ದರೆ ದುಡ್ಡು ದಂಡ ಅಲ್ವಾ’ ಎಂದು ಯಜಮಾನರು ಕೇಳಬಹುದು. ಹೋಟೆಲಿಗೆ ಬೆಂಕಿ ವಿಮೆ ಕಟ್ಟುತ್ತಾರಲ್ಲ, ಬೆಂಕಿ ಬೀಳಲಿಲ್ಲ ಎಂದು ಯಾರಾದರೂ ದುಃಖಪಡುತ್ತಾರಾ?

ಈಗ ನಿಮಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಹೋಟೆಲ್ ಸಾಲಕ್ಕೆ ಇವರದೂ ಸಹಿ ಇದೆ ಎಂದಿರಿ. ಸಹಿ ಇಲ್ಲದಿದ್ದರೂ, ಪಾಲುದಾರಿಕೆ ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ಪೂರ್ತಿಯಾಗಿ ಹೊಣೆ, ಇದು 1932ರ ಪಾಲುದಾರಿಕೆ ಕಾಯ್ದೆಯಲ್ಲೇ ಇದೆ. ಬ್ಯಾಂಕ್ ಸಾಲ ಒಂದೇ ಅಲ್ಲ. ದಿನಸಿಯವರ ಬಾಕಿ, ಬಾಡಿಗೆ, ಕೈಸಾಲ, ಊರಿನ ಸೊಸೈಟಿಯಲ್ಲಿ ಯಾರಿಗೋ ಹಾಕಿದ ಜಾಮೀನು ಕೂಡ ಇರಬಹುದು. ವ್ಯಕ್ತಿ ಹೋದ ಮೇಲೆ ಅವರು ಬಿಟ್ಟುಹೋದ ಆಸ್ತಿಯ ಮೇಲೆ ಸಾಲ ಕೊಟ್ಟವರು ಹಕ್ಕು ಕೇಳುತ್ತಾರೆ. ವಿಮೆ ಹಣ ಬಂತು ಎಂದು ಗೊತ್ತಾದ ಮೇಲೆ ಸುಮ್ಮನಿರುವವರು ಕಡಿಮೆ.

ಇದಕ್ಕೆ 1874ರಷ್ಟು ಹಳೆಯ ಒಂದು ಕಾನೂನು ಇದೆ, ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆ. ಮದುವೆಯಾದ ಗಂಡಸು ತನ್ನ ಜೀವದ ಮೇಲಿನ ಪಾಲಿಸಿಯನ್ನು ಹೆಂಡತಿಗಾಗಿ, ಮಕ್ಕಳಿಗಾಗಿ ಎಂದು ಈ ಕಾಯ್ದೆಯಡಿ ಮಾಡಿಸಿದರೆ, ಆ ಹಣ ಅವನ ಆಸ್ತಿ ಅನಿಸಿಕೊಳ್ಳುವುದಿಲ್ಲ. ಅದು ನಿಮ್ಮ ಮತ್ತು ಮಕ್ಕಳ ಹೆಸರಿನ ಟ್ರಸ್ಟ್ ಆಗುತ್ತದೆ. ಅವರಿಗೆ ಸಾಲ ಕೊಟ್ಟವರು ಅದನ್ನು ಮುಟ್ಟುವಂತಿಲ್ಲ. ಇದಕ್ಕೆ ವಕೀಲರು ಬೇಕಿಲ್ಲ, ಬೇರೆ ಖರ್ಚಿಲ್ಲ. ಅರ್ಜಿಯ ಜೊತೆಗೇ ಒಂದು ಪುಟ ಇರುತ್ತದೆ. ಅಲ್ಲಿ ನಿಮ್ಮ ಮತ್ತು ಮಕ್ಕಳ ಹೆಸರು, ಯಾರಿಗೆ ಎಷ್ಟು ಪಾಲು, ಟ್ರಸ್ಟಿ (ನಿಮ್ಮೆಲ್ಲರ ಪರವಾಗಿ ಹಣ ಪಡೆದು ನೋಡಿಕೊಳ್ಳುವವರು) ಯಾರು ಎಂದು ಬರೆದರೆ ಆಯಿತು. ಟ್ರಸ್ಟಿಯಾಗಿ ನಿಮ್ಮ ಹೆಸರನ್ನೇ ಹಾಕಬಹುದು. ಆದರೆ ಪಾಲಿಸಿ ಕೊಳ್ಳುವಾಗಲೇ ಮಾಡಿಸಬೇಕು. ಪಾಲಿಸಿ ಕೈಗೆ ಬಂದ ಮೇಲೆ ಸೇರಿಸಲು ಆಗುವುದಿಲ್ಲ. ಹೆಸರುಗಳನ್ನು ಮುಂದೆ ಬದಲಿಸುವುದೂ ಅವರ ಕೈಯಲ್ಲಿರುವುದಿಲ್ಲ, ಆ ಪಾಲಿಸಿಯನ್ನು ಅಡ ಇಟ್ಟು ಸಾಲ ತೆಗೆಯುವಂತೆಯೂ ಇಲ್ಲ. ಇದನ್ನು ಅವರಿಗೆ ಮೊದಲೇ ಹೇಳಿ ಒಪ್ಪಿಸಿ. ಅತ್ತೆಯವರನ್ನು ಇದರಲ್ಲಿ ಸೇರಿಸಲು ಬರುವುದಿಲ್ಲ. ಅವರಿಗಾಗಿ ಎಲ್‌ಐಸಿಯ ಹಳೆಯ ಪಾಲಿಸಿಗೆ ಅವರನ್ನು ನಾಮಿನಿ ಮಾಡಬಹುದು. ನನ್ನನ್ನು ಕೇಳಿದರೆ ಅದು ಚೆಂದದ ಏರ್ಪಾಡು.

ಮನೆ ಸಾಲ ಕೊಟ್ಟ ಬ್ಯಾಂಕಿನವರು ತಮ್ಮದೇ ಒಂದು ವಿಮೆ ಹಿಡಿಸಲು ನೋಡುತ್ತಾರೆ. ಸಾಲ ಇಳಿದ ಹಾಗೆ ಮೊತ್ತವೂ ಇಳಿಯುವಂಥದ್ದು. ಪ್ರೀಮಿಯಂ ಒಮ್ಮೆಗೇ ಸಾಲಕ್ಕೆ ಸೇರಿಸಿ ಅದಕ್ಕೂ ಬಡ್ಡಿ ಹಾಕುತ್ತಾರೆ. ನಿಮಗೆ ಅದು ಬೇಡ, ಟರ್ಮ್ ಪಾಲಿಸಿಯ ಲೆಕ್ಕದಲ್ಲೇ ಮನೆ ಸಾಲ ಸೇರಿದೆ.

ಕಂಪನಿ ಯಾವುದು ಎಂದು ಕೇಳಿದಿರಿ. ಎಲ್ಲರೂ ಕ್ಲೇಮ್ ಇತ್ಯರ್ಥದ ಪ್ರಮಾಣ, ಅಂದರೆ ಬಂದ ನೂರು ಕ್ಲೇಮುಗಳಲ್ಲಿ ಎಷ್ಟಕ್ಕೆ ಹಣ ಕೊಟ್ಟರು ಎಂಬುದನ್ನು ತೋರಿಸುತ್ತಾರೆ. ನಮ್ಮದು 99.5, ಅವರದು 98.7 ಎಂದು. ಅಷ್ಟು ಸಣ್ಣ ಅಂತರಕ್ಕೆ ಬೆಲೆ ಕೊಡಬೇಡಿ. ಆ ಸಂಖ್ಯೆಯಲ್ಲಿ ಕಂಪನಿಯ ಎಲ್ಲ ಬಗೆಯ ಪಾಲಿಸಿಗಳೂ ಸೇರಿರುತ್ತವೆ. 2 ಲಕ್ಷದ ಹಳೆಯ ಉಳಿತಾಯದ ಪಾಲಿಸಿಯೂ ಒಂದು ಕ್ಲೇಮು, 1 ಕೋಟಿಯ ಟರ್ಮ್ ಪಾಲಿಸಿಯೂ ಒಂದು ಕ್ಲೇಮು. ಸಣ್ಣ ಸಣ್ಣದ್ದನ್ನೆಲ್ಲ ಕೊಟ್ಟು ದೊಡ್ಡದನ್ನು ತಡೆದರೂ ಸಂಖ್ಯೆ ಚೆಂದವೇ ಕಾಣುತ್ತದೆ. ಅದಕ್ಕೇ ಮೊತ್ತದ ಲೆಕ್ಕದ ಪ್ರಮಾಣವನ್ನೂ, ಅಂದರೆ ಕೇಳಿದ ಪ್ರತಿ ನೂರು ರೂಪಾಯಿಯಲ್ಲಿ ಎಷ್ಟು ಕೊಟ್ಟರು ಎಂಬುದನ್ನೂ ನೋಡಬೇಕು. ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ಪ್ರತಿ ವರ್ಷ ಎರಡನ್ನೂ ಪ್ರಕಟಿಸುತ್ತದೆ. ಮೂರ್ನಾಲ್ಕು ವರ್ಷದ್ದು ಒಟ್ಟಿಗೆ ನೋಡಿ. ಎರಡರ ನಡುವೆ ದೊಡ್ಡ ಅಂತರ ವರ್ಷ ವರ್ಷವೂ ಇದ್ದರೆ ಆ ಕಂಪನಿ ಬಿಡಿ. ಸಾಲ್ವೆನ್ಸಿ ಅನುಪಾತ, ಅಂದರೆ ಕ್ಲೇಮು ಕೊಡಲು ಕಂಪನಿಯ ಹತ್ತಿರ ಎಷ್ಟು ಬಲವಿದೆ ಎಂಬ ಅಳತೆ, 1.5ಕ್ಕಿಂತ ಕೆಳಗೆ ಇಳಿಯಬಾರದು ಎಂಬ ನಿಯಮವಿದೆ, ಅದಕ್ಕಿಂತ ಚೆನ್ನಾಗಿ ಮೇಲಿದ್ದರೆ ಸಾಕು. ಇಷ್ಟು ದಾಟಿದ ನಾಲ್ಕೈದು ಕಂಪನಿಗಳಲ್ಲಿ ಯಾವುದಾದರೂ ಆಗಬಹುದು. ಅವುಗಳಲ್ಲಿ ನಿಮ್ಮ ಆದಾಯದ ಕಾಗದ ನೋಡಿ ಜಾಸ್ತಿ ಮೊತ್ತ ಕೊಡುವವರನ್ನು, ಬಿಪಿ, ತಂಬಾಕು ತಿಳಿದೂ ಸರಿಯಾದ ರೇಟು ಹೇಳುವವರನ್ನು ಆರಿಸಿ. ಪ್ರೀಮಿಯಂ ಹೋಲಿಸುವುದು ಇಲ್ಲಿ. ಹೋಲಿಸುವಾಗ ಮೊತ್ತ, ವಯಸ್ಸು, ತಂಬಾಕು ಮೂರೂ ಎಲ್ಲ ಕಡೆ ಒಂದೇ ಇರಲಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವವಿಮೆಗೆ ಜಿಎಸ್‌ಟಿ ಇಲ್ಲ. ಕೊಟೇಶನ್‌ನಲ್ಲಿ ಹಳೆಯ 18 ಪರ್ಸೆಂಟ್ ಸೇರಿದ್ದರೆ ಅದು ಹಳೆಯ ಪಟ್ಟಿ.

ರೈಡರ್‌ಗಳಲ್ಲಿ, ಅಂದರೆ ಹೆಚ್ಚಿಗೆ ಹಣ ಕೊಟ್ಟು ಪಾಲಿಸಿಗೆ ಸೇರಿಸಿಕೊಳ್ಳುವ ಸೌಲಭ್ಯಗಳಲ್ಲಿ, ಅಂಗವಿಕಲತೆ ಬಂದರೆ ಮುಂದಿನ ಪ್ರೀಮಿಯಂ ಮಾಫಿ ಆಗುವುದೊಂದು ತೆಗೆದುಕೊಳ್ಳಿ. ಉಳಿದದ್ದಕ್ಕೆ ಕೊಡುವ ಹಣವನ್ನು ಮೊದಲು ಮನೆಯವರೆಲ್ಲರ ಆರೋಗ್ಯ ವಿಮೆಗೆ ಹಾಕಿ. ಹಣವನ್ನು ಒಟ್ಟಿಗೆ ತೆಗೆದುಕೊಳ್ಳಬೇಕಾ, ತಿಂಗಳು ತಿಂಗಳು ಬೇಕಾ ಎಂದು ಅರ್ಜಿಯಲ್ಲಿ ಕೇಳುತ್ತಾರೆ. ಒಟ್ಟಿಗೇ ಇರಲಿ. ಮನೆ ಸಾಲ ತೀರಿಸಲು ದೊಡ್ಡ ಮೊತ್ತ ಒಮ್ಮೆಗೇ ಬೇಕು, ಲೆಕ್ಕ ನೋಡುವ ಶಕ್ತಿ ನಿಮಗೆ ಇದೆ ಎಂದು ಪತ್ರವೇ ಹೇಳುತ್ತದೆ.

ಕಂತು ವರ್ಷಕ್ಕೊಮ್ಮೆ ಕಟ್ಟಿ. ತಪ್ಪಿದರೆ 30 ದಿನದ ಸಮಯ ಇರುತ್ತದೆ. ತಿಂಗಳ ಕಂತಿಗೆ 15 ದಿನ ಮಾತ್ರ. ಗಲ್ಲಾ ಚೆನ್ನಾಗಿರುವ ತಿಂಗಳಿಗೆ ಕಂತಿನ ದಿನ ಬರುವ ಹಾಗೆ ಪಾಲಿಸಿ ಶುರು ಮಾಡಿಸಿ, ನಿಮ್ಮ ಖಾತೆಯಿಂದಲೇ ಹೋಗುವಂತೆ ಮಾಡಿ. ಆಗ ತಪ್ಪಿದರೆ ನಿಮಗೇ ಮೊದಲು ಗೊತ್ತಾಗುತ್ತದೆ.

ಹೆಸರಿನ ವಿಷಯದಲ್ಲಿ ಮುಂಬಯಿ ಕನ್ನಡಿಗರು ಸ್ವಲ್ಪ ಜಾಗ್ರತೆ ವಹಿಸಬೇಕು. ಊರಿನ ಶಾಲೆಯ ಸರ್ಟಿಫಿಕೇಟಿನಲ್ಲಿ ಹೆಸರಿನ ಜೊತೆ ಇನಿಷಿಯಲ್. ಇಲ್ಲಿ ಬಂದ ಮೇಲೆ ಮಹಾರಾಷ್ಟ್ರದ ಪದ್ಧತಿಯಂತೆ ನಡುವೆ ಗಂಡನ ಹೆಸರು, ಕೊನೆಗೆ ಮನೆತನದ ಹೆಸರು. ಆಧಾರ್‌ನಲ್ಲಿ ಒಂದು, ಪ್ಯಾನ್‌ನಲ್ಲಿ ಒಂದು, ಬ್ಯಾಂಕಿನಲ್ಲಿ ಇನ್ನೊಂದು. ಕ್ಲೇಮಿನ ಸಮಯದಲ್ಲಿ ಮೂವರೂ ಒಬ್ಬರೇ ಎಂದು ಸಾಬೀತು ಮಾಡಲು ಅಫಿಡವಿಟ್ಟು ಹಿಡಿದು ಓಡಾಡಬೇಕಾಗುತ್ತದೆ. ಪಾಲಿಸಿಗೆ ಮೊದಲೇ ಮೂರನ್ನೂ ಒಂದು ಮಾಡಿಸಿ. ಮದುವೆ ಊರಿನಲ್ಲಿ ಆಗಿ ನೋಂದಣಿ ಆಗಿಲ್ಲದಿದ್ದರೆ ಅದನ್ನೂ ಈಗಲೇ ಮಾಡಿಸಿಬಿಡಿ.

ಪಾಲಿಸಿ ಪುಸ್ತಕ ಕೈಗೆ ಬಂದ ದಿನದಿಂದ 30 ದಿನ ನಿಮಗೆ ಓದಿ ನೋಡುವ ಅವಕಾಶ. ಒಪ್ಪದಿದ್ದರೆ ವಾಪಸ್ ಮಾಡಬಹುದು, ಪರೀಕ್ಷೆಯ ಖರ್ಚು, ಸ್ಟ್ಯಾಂಪ್ ಮತ್ತು ಅಷ್ಟು ದಿನದ ವಿಮೆಯ ಹಣ ಕಳೆದು ಉಳಿದದ್ದು ಬರುತ್ತದೆ. ಪುಸ್ತಕದ ಜೊತೆ ನಿಮ್ಮ ಅರ್ಜಿಯ ಪ್ರತಿ ಇರುತ್ತದೆ. ಬೇರೆ ಏನನ್ನು ಓದದಿದ್ದರೂ ಆ ಪುಟಗಳನ್ನು ಓದಿ. ತಂಬಾಕು ‘ಹೌದು’ ಎಂದಿದೆಯಾ, ಬಿಪಿ ಇದೆಯಾ, ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯ ಹೆಸರು ಬಂದಿದೆಯಾ ನೋಡಿ. ತಪ್ಪಿದ್ದರೆ ಅದೇ ವಾರ ಬರವಣಿಗೆಯಲ್ಲಿ ತಿಳಿಸಿ.

ಮುಂದೆ ಒಂದು ದಿನ ತಕರಾರು ಬಂದರೆ ಮೊದಲು ಕಂಪನಿಗೆ ಬರೆಯಬೇಕು. ಸರಿಯಾದ ಉತ್ತರ ಬರದಿದ್ದರೆ ವಿಮೆಯ ದೂರು ಕೇಳಿ ತೀರ್ಮಾನಿಸುವ ವಿಮಾ ಓಂಬುಡ್ಸ್‌ಮನ್ ಇದ್ದಾರೆ, ಮುಂಬಯಿಯಲ್ಲೂ ಪುಣೆಯಲ್ಲೂ ಕಚೇರಿ ಇದೆ, ಅಲ್ಲಿ ಶುಲ್ಕ ಇಲ್ಲ. ಆದರೆ ಅವರು ಕೊಡಿಸಬಲ್ಲದ್ದು 50 ಲಕ್ಷದವರೆಗೆ. ಅದಕ್ಕೆ ಮೇಲಿನದಕ್ಕೆ ಗ್ರಾಹಕ ಆಯೋಗ. ಕೋಟಿಯ ಪಾಲಿಸಿ ಎಂದು ದೆಹಲಿಯ ರಾಷ್ಟ್ರೀಯ ಆಯೋಗಕ್ಕೆ ಹೋಗಬೇಕಿಲ್ಲ. 2019ರ ಕಾಯ್ದೆಯಲ್ಲಿ ನೋಡುವುದು ನೀವು ಕಟ್ಟಿದ ಹಣವನ್ನು, ಪಾಲಿಸಿಯ ಮೊತ್ತವನ್ನಲ್ಲ. ಹಾಗಾಗಿ ಥಾಣೆಯ ಜಿಲ್ಲಾ ಆಯೋಗವೇ ಸಾಕಾಗುತ್ತದೆ.

ಟರ್ಮ್ ಪಾಲಿಸಿಯ ಪರೀಕ್ಷೆ, ಕಾಗದ ಎಲ್ಲ ಮುಗಿಯಲು ಕೆಲವು ವಾರ ಹಿಡಿಯಬಹುದು. ಈ ವಾರವೇ ಮಾಡಬಹುದಾದ್ದು ಒಂದಿದೆ. ಇಬ್ಬರೂ ನಿಮ್ಮ ಬ್ಯಾಂಕಿನಲ್ಲಿ ಪ್ರಧಾನ ಮಂತ್ರಿ ಜೀವನ್ ಜ್ಯೋತಿ ವಿಮೆಗೆ ಹೆಸರು ಕೊಡಿ. ವರ್ಷಕ್ಕೆ 436 ರೂಪಾಯಿ, ಮೊತ್ತ 2 ಲಕ್ಷ. ಅಪಘಾತ ಬಿಟ್ಟು ಬೇರೆ ಕಾರಣಕ್ಕೆ ಮೊದಲ 30 ದಿನ ಅನ್ವಯಿಸುವುದಿಲ್ಲ, ಅದಕ್ಕೇ ಬೇಗ ಮಾಡಿ. ಏಜೆಂಟರನ್ನು ಬಿಡಬೇಕಾಗಿಲ್ಲ. ನಿಮ್ಮವರೇ ಒಬ್ಬರು ಇದ್ದರೆ ಕ್ಲೇಮಿನ ದಿನ ಅರ್ಜಿ ಬರೆದುಕೊಡಲು, ಓಡಾಡಲು ಆಗುತ್ತಾರೆ. ನಮ್ಮ ಅರ್ಜಿ ನಾವೇ ತುಂಬುತ್ತೇವೆ ಎಂದು ಹೇಳಿ, ಸಾದಾ ಟರ್ಮ್ ಪಾಲಿಸಿಗೆ, ತಂಬಾಕು ‘ಹೌದು’ ಎಂದು ಹಾಕಿ, ಒಂದೂವರೆ ಕೋಟಿಗೆ ಹೊಸ ಕೊಟೇಶನ್ ತರಲು ಹೇಳಿ. ಹೊಸ ಪಾಲಿಸಿ ಬಂದ ಮೇಲೂ ಆ ಹಳೆಯ ಎಲ್‌ಐಸಿ ಕಂತು ನಿಲ್ಲಿಸಬೇಡಿ. 12 ವರ್ಷ ಕಟ್ಟಿ ಆಗಿದೆ, ಉಳಿದ 8 ವರ್ಷ ಮುಗಿಸಿಬಿಡಿ.